ಮಧುಗಿರಿ ಸೀಮೆಯ ಅಡುಗೆಮನೆಗೆ ಸಕ್ಕರೆ ಬಂದ ದಾರಿ

ಮಧು ಅಂದರೆ ಜೇನು, ಗಿರಿ ಅಂದರೆ ಬೆಟ್ಟ. ಹಳಬರ ಬಾಯಲ್ಲಿ ಇವತ್ತಿಗೂ ಅದು ಮದ್ದಗಿರಿ. ಹೆಸರಿನಲ್ಲಿ ಜೇನಿದ್ದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ದಿನದ ಊಟದಲ್ಲಿ ಸಿಹಿಗೆ ಹೆಚ್ಚು ಜಾಗ ಇರಲಿಲ್ಲ. ಮುದ್ದೆ, ಉಪ್ಸಾರು, ಬಸ್ಸಾರು, ಹುರುಳಿ ಸಾರು, ಹೊಲಕ್ಕೆ ಹೋಗುವಾಗ ಅಂಬಲಿ ಇಲ್ಲವೇ ಮಜ್ಜಿಗೆ. ಇವ್ಯಾವುದಕ್ಕೂ ಬೆಲ್ಲ ಬೇಕಿಲ್ಲ.

ಇದಕ್ಕೆ ದೊಡ್ಡ ಕಾರಣ ನೀರು. ಕಬ್ಬು ಹತ್ತು-ಹನ್ನೆರಡು ತಿಂಗಳು ಹೊಲದಲ್ಲಿ ನಿಲ್ಲುವ ಬೆಳೆ, ಉದ್ದಕ್ಕೂ ನೀರು ಕೇಳುತ್ತದೆ. ನಮ್ಮದು ಮಳೆ ನಂಬಿದ ಸೀಮೆ. ಕೆರೆಗಳನ್ನು ಬಿಟ್ಟರೆ ತಲಪರಿಗೆಗಳು, ಅಂದರೆ ಹಳ್ಳದ ಪಕ್ಕದ ಮರಳಿನಲ್ಲಿ ತಾನಾಗಿ ಒಸರುವ ನೀರನ್ನು ಕಾಲುವೆ ಮಾಡಿ, ಸರದಿಯಂತೆ ಹಂಚಿಕೊಂಡ ಊಟೆಗಳು. ಅಷ್ಟು ನೀರಿಗೆ ಸೀಮೆಯೆಲ್ಲ ಕಬ್ಬು ಆಗುವುದಿಲ್ಲ. ರಾಗಿ, ನವಣೆ, ಸಾಮೆ, ಹುರುಳಿ ಆಗುತ್ತವೆ.

ಹಾಗಾಗಿ ಸಿಹಿ ಬರುತ್ತಿದ್ದುದು ಹಬ್ಬಕ್ಕೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ, ಯುಗಾದಿಗೆ ಬೇವು-ಬೆಲ್ಲ ಮತ್ತು ಒಬ್ಬಟ್ಟು, ರಾಮನವಮಿಗೆ ಪಾನಕ, ಮಾರಮ್ಮನಿಗೆ ತಂಬಿಟ್ಟಿನ ಆರತಿ. ಎಲ್ಲವೂ ಬೆಲ್ಲದ್ದೇ.

ಬಿಳಿ ಸಕ್ಕರೆ ಅನುಕೂಲಸ್ಥರ ವಸ್ತುವಾಗಿತ್ತು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲೆಲ್ಲ ಓಡಾಡಿದ. ಶಿರಾ, ಮಧುಗಿರಿ ಎರಡನ್ನೂ ನೋಡಿದ. ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಕಲ್ಲುಸಕ್ಕರೆ ಚೀನಾದ್ದಕ್ಕೆ ಸಮನಾಗಿದೆ ಎಂದು ಬರೆದ. ಒಳ್ಳೆಯ ಸಕ್ಕರೆಯನ್ನು ಆಗ ಚೀನಾದ ಮಾಲಿಗೆ ಹೋಲಿಸಿ ನೋಡುತ್ತಿದ್ದರು.

ಆಮೇಲೆ ಜಾವಾ ದ್ವೀಪದ ಸಕ್ಕರೆ ಭಾರತದ ಪೇಟೆ ಹಿಡಿಯಿತು. 1932ರಲ್ಲಿ ಸರ್ಕಾರ ಹೊರಗಿನ ಸಕ್ಕರೆಗೆ ಭಾರಿ ಸುಂಕ ಹಾಕಿ ಇಲ್ಲಿನ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ಅಷ್ಟು ಹೊತ್ತಿಗೆ ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಬಯಲಿಗೆ ಹರಿಯತೊಡಗಿತ್ತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಇದ್ದರು. ನಮ್ಮ ನೆಲದಲ್ಲಿ ಅಷ್ಟಾಗಿ ಬೆಳೆಯದ ಸಿಹಿ ಹೀಗೆ ಬೇರೆ ಕಡೆಯ ನೀರಿನಿಂದ ಬೆಳೆದು, ಮೂಟೆಯಲ್ಲಿ ನಮ್ಮ ಸಂತೆಗೆ ಬರತೊಡಗಿತು. ಮುಂದೆ ಸೊಸೈಟಿಯಲ್ಲಿ ರೇಷನ್ ಕಾರ್ಡಿಗೂ ಸಕ್ಕರೆ ಸಿಕ್ಕಿತು.

ಅದು ದಿನದ ಅಭ್ಯಾಸವಾದದ್ದು ಮುಖ್ಯವಾಗಿ ಕಾಫಿ-ಟೀ ಜೊತೆ. ಮನೆಮಂದಿ ಬೆಲ್ಲದ ಕಾಫಿ ಕುಡಿದರೂ ನೆಂಟರಿಗೆ ಸಕ್ಕರೆ ಹಾಕಿ ಕೊಡುವುದು ಮರ್ಯಾದೆ ಅನ್ನಿಸಿತು. ಸಕ್ಕರೆ ಕಮ್ಮಿ ಹಾಕಿದರೆ ಜಿಪುಣರು ಎನ್ನುವ ಮಾತು ಇಂದಿಗೂ ಇದೆ.

ಈಗ ಲೆಕ್ಕ ನೋಡಿ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಅಂದರೆ ಎಂಟು ಚಮಚ, ಸುಮಾರು 32 ಗ್ರಾಂ. ತಿಂಗಳಿಗೆ ಒಬ್ಬರಿಗೇ ಹತ್ತಿರ ಹತ್ತಿರ ಒಂದು ಕೆ.ಜಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕೆ.ಜಿ. ಆಯಿತು. ಅದರಲ್ಲೇ ಬೆಲ್ಲ, ಜೇನು, ಬಿಸ್ಕತ್ತು, ಅಂಗಡಿಯ ಜ್ಯೂಸ್ ಎಲ್ಲ ಸೇರಬೇಕು. ಬೆಲ್ಲ ಒಳ್ಳೆಯದು ಎಂದು ನಂಬಿ ಎರಡು ಪಟ್ಟು ಹಾಕಿಕೊಳ್ಳುವವರು ಇದನ್ನು ನೆನಪಿಡಬೇಕು. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ.

2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಕಾಯಿಲೆಗೆ ಸಕ್ಕರೆ ಒಂದೇ ಕಾರಣ ಅಲ್ಲ. ವಂಶ, ಹೊಟ್ಟೆಯ ಬೊಜ್ಜು, ಮೈ ಬಗ್ಗಿಸಿ ಮಾಡುವ ಕೆಲಸ ಕಮ್ಮಿಯಾದದ್ದು ಎಲ್ಲ ಸೇರಿದೆ. ಆದರೆ ಇವುಗಳಲ್ಲಿ ನಾಳೆ ಬೆಳಿಗ್ಗೆಯೇ ನಮ್ಮ ಕೈಯಲ್ಲಿ ಕಮ್ಮಿ ಮಾಡಲು ಆಗುವುದು ಚಮಚ.

ಹಿಂದಿನವರು ಬುದ್ಧಿವಂತಿಕೆಯಿಂದ ಸಿಹಿ ಬಿಟ್ಟಿದ್ದರು ಎಂದು ಹೊಗಳುವುದು ಸರಿಯಲ್ಲ. ಅವರಿಗೆ ಸಿಗುತ್ತಿರಲಿಲ್ಲ, ಅಷ್ಟೆ. ಬರಗಾಲದಲ್ಲಿ ಅಂಬಲಿಗೂ ಕಷ್ಟ ಇತ್ತು. ಹಾಗಾಗಿ ಮಕ್ಕಳಿಗೆ ಸಿಹಿ ಕೊಡುವುದೇ ಪ್ರೀತಿ ಎಂದು ಆ ತಲೆಮಾರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಈಗ ಅಂಗಡಿಯಲ್ಲಿ ಸಕ್ಕರೆ ದಿನವೂ ಸಿಗುತ್ತದೆ. ಎಷ್ಟು ಎಂಬ ತೀರ್ಮಾನ ಮೊದಲ ಸಲ ನಮ್ಮ ಕೈಗೆ ಬಂದಿದೆ.

ಒಬ್ಬಟ್ಟು ಬಿಡಬೇಕಿಲ್ಲ, ಯುಗಾದಿ ವರ್ಷಕ್ಕೊಂದೇ ಸಲ ಬರುತ್ತದೆ. ಟೀಗೆ ಈ ವಾರ ಎರಡರ ಬದಲು ಒಂದೂವರೆ ಚಮಚ, ಮುಂದಿನ ತಿಂಗಳು ಒಂದು. ನಾಲಿಗೆ ನಿಧಾನಕ್ಕೆ ಒಗ್ಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬಾಟಲಿ ಜ್ಯೂಸಿನ ಬದಲು ಮಜ್ಜಿಗೆ. ನೆಂಟರು ಬಂದಾಗ "ಸಕ್ಕರೆ ಎಷ್ಟು ಹಾಕಲಿ?" ಎಂದು ಕೇಳಿ. ಅದರಿಂದ ಮರ್ಯಾದೆಗೆ ಏನೂ ಕಮ್ಮಿಯಾಗುವುದಿಲ್ಲ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ.