2,550 ಲೀಟರ್ ಮೂತ್ರ ಮತ್ತು ಒಂದು ಪುಟ್ಟ ಸೀಸೆ

ಕಿಡ್ನಿ ಅಂದ ಕೂಡಲೇ ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಾಲು ನೆನಪಾಗುತ್ತೆ: ಅದು ರಕ್ತ ಸೋಸುವ ಜರಡಿ. ಎರಡು ಮಾರ್ಕಿನ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅದು ಅರ್ಧ ಕತೆ. ಈ ಜರಡಿಯನ್ನು ತಾಯಿಯ ಹೊಟ್ಟೆಯೊಳಗೆ ಕಟ್ಟಿಸೋದು ಗ್ರೋತ್ ಫ್ಯಾಕ್ಟರ್ ಅನ್ನೋ ಪುಟ್ಟ ಪ್ರೋಟೀನುಗಳು. ಕಟ್ಟಿ ಮುಗಿದ ಮೇಲೆ ಅದೇ ಜರಡಿ ತಾನೂ ಅಂಥ ಪ್ರೋಟೀನುಗಳನ್ನು ತಯಾರಿಸ್ತಾ ಇರುತ್ತೆ, ನಾವು ಬದುಕಿರೋವರೆಗೂ. ಇಷ್ಟು ಗೊತ್ತಾಗೋಕೆ ವಿಜ್ಞಾನಿಗಳಿಗೆ ಹೆಚ್ಚುಕಡಿಮೆ ನೂರು ವರ್ಷ ಬೇಕಾಯ್ತು.

ಗ್ರೋತ್ ಫ್ಯಾಕ್ಟರ್ ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಒಂದು ಜೀವಕೋಶ ಒಂದು ಪ್ರೋಟೀನನ್ನು ಹೊರಗೆ ಬಿಡುತ್ತೆ. ಇನ್ನೊಂದು ಕೋಶದ ಮೈಮೇಲೆ ಅದನ್ನು ಹಿಡಿಯೋ ರಿಸೆಪ್ಟರ್ ಇರುತ್ತೆ. ಹಿಡಿದ ಕೂಡಲೇ ಒಳಗೆ ಆಜ್ಞೆ ಹೋಗುತ್ತೆ: ಎರಡಾಗು, ಆ ಕಡೆ ಸರಿ, ಸಾಯಬೇಡ. ನಮ್ಮ ಫೀಲ್ಡಿನವರಿಗೆ ಹೇಳೋದಾದ್ರೆ, ಮೆಸೇಜು ಮತ್ತು ಅದಕ್ಕಾಗಿ ಕಾಯ್ತಾ ಕೂತಿರೋ ಪೋರ್ಟು. ಪೋರ್ಟ್ ಇಲ್ಲದವನಿಗೆ ಮೆಸೇಜು ಬಂದಿದ್ದೇ ತಿಳಿಯಲ್ಲ.

ಕತೆ ಶುರುವಾಗೋದು 1906ರ ಪ್ಯಾರಿಸ್‌ನಲ್ಲಿ. ಪಾಲ್ ಕಾರ್ನೋ ಮತ್ತು ಕ್ಲೋಟಿಲ್ಡ್ ಡಿಫ್ಲಾಂಡ್ರ್ ಅನ್ನೋ ಇಬ್ಬರು ಮೊಲಗಳಿಂದ ರಕ್ತ ತೆಗೆದು, ಆ ರಕ್ತಹೀನ ಮೊಲಗಳ ಸೀರಮ್ಮನ್ನು ಬೇರೆ ಮೊಲಗಳಿಗೆ ಚುಚ್ಚಿದರು. ಅವುಗಳಲ್ಲಿ ಕೆಂಪು ರಕ್ತಕಣ ಹೆಚ್ಚಾದವು ಅಂದರು. ಬೇರೆಯವರು ಮಾಡಿ ನೋಡಿದರೆ ಸರಿಯಾಗಿ ಬರಲಿಲ್ಲ, ಯಾರೂ ಪೂರ್ತಿ ನಂಬಲಿಲ್ಲ. 1953ರಲ್ಲಿ ಅಮೆರಿಕದ ಅಲನ್ ಎರ್ಸ್ಲೆವ್ ಇದೇ ಪ್ರಯೋಗವನ್ನು ಹೆಚ್ಚು ಪ್ರಮಾಣದ ಪ್ಲಾಸ್ಮಾದಿಂದ ಮಾಡಿ ತೋರಿಸಿದ ಮೇಲೆ ವಸ್ತು ಇದೆ ಅನ್ನೋದು ಗಟ್ಟಿಯಾಯ್ತು. ಹೆಸರು ಎರಿಥ್ರೊಪೊಯೆಟಿನ್, ಚಿಕ್ಕದಾಗಿ ಇಪಿಒ. ಆದರೆ ಅದು ಎಲ್ಲಿ ತಯಾರಾಗುತ್ತೆ? ಶಿಕಾಗೊದ ಲಿಯಾನ್ ಜೇಕಬ್ಸನ್ ಗುಂಪು ಇಲಿಗಳಲ್ಲಿ ಒಂದೊಂದೇ ಅಂಗ ತೆಗೆದು ನೋಡ್ತಾ ಹೋಯ್ತು. ಕಿಡ್ನಿ ತೆಗೆದಾಗ ಮಾತ್ರ ಇಪಿಒ ಏರೋದು ನಿಂತಿತು. ಅದು 1957. (ಡಿಬಗ್ ಮಾಡೋವಾಗ ಒಂದೊಂದೇ ಮಾಡ್ಯೂಲ್ ಆಫ್ ಮಾಡ್ತೀವಲ್ಲ, ಅದೇ ವಿಧಾನ. ಪಾಪ ಇಲಿಗಳು.)

ಆ ಗುಂಪಿನಲ್ಲಿದ್ದ ಯೂಜೀನ್ ಗೋಲ್ಡ್‌ವಾಸರ್ ಎಂಬ ಬಯೋಕೆಮಿಸ್ಟ್‌ಗೆ ಇಪಿಒವನ್ನು ಶುದ್ಧ ಮಾಡಿ ತೆಗೆಯೋ ಕೆಲಸ ಬಿತ್ತು. ಕೆಲವೇ ತಿಂಗಳಲ್ಲಿ ಮುಗಿಯುತ್ತೆ ಅಂದುಕೊಂಡಿದ್ದ ಕೆಲಸಕ್ಕೆ ಇಪ್ಪತ್ತು ವರ್ಷ ಹಿಡಿಯಿತು! ಕುರಿಗಳಿಗೆ ರಕ್ತಹೀನತೆ ಬರಿಸಿ ಅವುಗಳ ಪ್ಲಾಸ್ಮಾದಿಂದ ಒಂದಿಷ್ಟು ತೆಗೆದರು. ಮನುಷ್ಯರದ್ದು ಮಾತ್ರ ಸಿಗಲಿಲ್ಲ. ಕೊನೆಗೆ ದಾರಿ ತೋರಿಸಿದವರು ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ತಕಾಜಿ ಮಿಯಾಕೆ. ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳ ಅಸ್ಥಿಮಜ್ಜೆ ರಕ್ತ ತಯಾರಿಸಲ್ಲ. ಹಾಗಾಗಿ ಕಿಡ್ನಿ ಇನ್ನೂ ಕೂಗಿ ಕೂಗಿ ಇಪಿಒ ಬಿಡ್ತಾನೇ ಇರುತ್ತೆ, ಮೂತ್ರದಲ್ಲೂ ಅದು ಬರುತ್ತೆ. ಮಿಯಾಕೆ ಅಂಥವರ ಮೂತ್ರ ಸಂಗ್ರಹಿಸಿದರು. ಎಷ್ಟು? 2,550 ಲೀಟರ್. ಅದನ್ನು ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಶಿಕಾಗೊಗೆ ತಂದುಕೊಟ್ಟರು. 1977ರಲ್ಲಿ ಅದರಿಂದ ಸಿಕ್ಕ ಶುದ್ಧ ಇಪಿಒ ಬರೀ 8 ಮಿಲಿಗ್ರಾಂ ಆಸುಪಾಸು. ಎರಡು ಮೂರು ಸಕ್ಕರೆ ಹರಳಿನ ತೂಕ ಅಷ್ಟೇ.

ಅಷ್ಟರಿಂದಲೇ ಅದರ ಅಮೈನೋ ಆಮ್ಲಗಳ ಸಾಲು ಓದಿ, 1983ರಲ್ಲಿ ಆಮ್‌ಜೆನ್ ಕಂಪನಿಯ ಫು-ಕುಯೆನ್ ಲಿನ್ ಅದರ ಜೀನನ್ನು ಹಿಡಿದರು. ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಕೋಶಗಳೊಳಗೆ ಆ ಜೀನ್ ಸೇರಿಸಿ ಬೇಕಾದಷ್ಟು ಇಪಿಒ ತಯಾರಿಸಿದರು. 1989ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಅನುಮತಿ ಸಿಕ್ಕಿತು. ಕಂಪನಿ ಕೋಟಿಗಟ್ಟಲೆ ಡಾಲರ್ ಮಾಡಿತು, ಗೋಲ್ಡ್‌ವಾಸರ್ ಹೆಸರಲ್ಲಿ ಪೇಟೆಂಟೇ ಇರಲಿಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತೆ.

ಅದಕ್ಕೂ ಮೊದಲು ಡಯಾಲಿಸಿಸ್ ರೋಗಿಗಳ ಗತಿ ಏನು? ಯಂತ್ರ ರಕ್ತ ಸೋಸಿ ಕೊಡುತ್ತೆ, ಆದರೆ ಇಪಿಒ ತಯಾರಿಸಲ್ಲ. ಹಾಗಾಗಿ ರಕ್ತ ಕಡಿಮೆಯಾಗ್ತಾ ಹೋಗಿ, ಮತ್ತೆ ಮತ್ತೆ ಬೇರೆಯವರ ರಕ್ತ ಏರಿಸಬೇಕಾಗ್ತಿತ್ತು. ನಮ್ಮ ತೆಲಸಂಗದ ಕಾಕಾ ಒಬ್ಬರು ವಾರಕ್ಕೆ ಎರಡು ಸಲ ಮಿರಜ್‌ಗೆ ಡಯಾಲಿಸಿಸ್‌ಗೆ ಹೋಗ್ತಾರೆ. ಅವರ ಬಾಯಲ್ಲಿ ಇದು "ರಕ್ತ ಆಗೂ ಇಂಜೆಕ್ಷನ್". ಪ್ರೋಟೀನು ಆದ್ದರಿಂದ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ನಮ್ಮ ಕಡೆ ಬ್ಯಾಸಗಿ ಹೆಂಗಿರುತ್ತೆ ಅಂತ ಅಥಣಿ, ವಿಜಯಪುರದ ಕಡೆಯವರಿಗೆ ಹೇಳಬೇಕಿಲ್ಲ. ಕಾಕಾ ಥರ್ಮಾಸಿನಲ್ಲಿ ಬರ್ಫ ಹಾಕಿ ಸೀಸೆ ಒಯ್ಯುವಾಗ, "ಈ ಸೀಸೆದ ಉಪಚಾರ ನನಗಿಂತ ಜಾಸ್ತಿ ಆತಲ್ಲೋ ತಮ್ಮಾ" ಅಂತಾರೆ :) ಹಾಗಂತ ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೇದು ಅಂತಲ್ಲ. ಹಿಮೋಗ್ಲೋಬಿನ್ನನ್ನು ಮಾಮೂಲಿ ಮಟ್ಟದವರೆಗೂ ಏರಿಸಲು ಹೋದರೆ ಹೃದಯಕ್ಕೆ ಅಪಾಯ ಹೆಚ್ಚಬಹುದು ಅಂತ 2006ರಲ್ಲಿ ತಿಳಿದು ವೈದ್ಯರು ಎಚ್ಚರವಾದರು.

ಮೂತ್ರದಲ್ಲಿ ಸಿಕ್ಕ ಇನ್ನೊಂದು ಪ್ರೋಟೀನ್ ಇಜಿಎಫ್. 1962ರಲ್ಲಿ ಸ್ಟಾನ್ಲಿ ಕೋಹೆನ್ ಇದನ್ನು ಕಂಡುಹಿಡಿದಿದ್ದು ಇಲಿಯ ಜೊಲ್ಲುಗ್ರಂಥಿಯಲ್ಲಿ. ಚುಚ್ಚಿದ ಮರಿಗಳು ಬೇಗ ಕಣ್ಣು ಬಿಟ್ಟವು, ಅದೇ ಸುಳಿವು. 1975ರಲ್ಲಿ ಮನುಷ್ಯರ ಮೂತ್ರದಿಂದ ತೆಗೆದ ಯುರೋಗ್ಯಾಸ್ಟ್ರೋನ್ ಎಂಬ ವಸ್ತು ಹೆಚ್ಚುಕಡಿಮೆ ಅದೇ ಅಂತ ಗೊತ್ತಾಯ್ತು. ಆಮೇಲೆ ನೋಡಿದರೆ ಕಿಡ್ನಿಯೇ ಅದನ್ನು ತಯಾರಿಸುತ್ತೆ, ತನ್ನ ನಳಿಕೆಗಳ ರಿಪೇರಿಗೆ. ಮೂತ್ರದಲ್ಲಿ ಇಜಿಎಫ್ ಕಡಿಮೆಯಾದವರ ಕಿಡ್ನಿ ಬೇಗ ಕೆಡುತ್ತೆ ಅಂತ 2015ರಲ್ಲಿ ಪ್ರಕಟವಾಯ್ತು.

ಇದೆಲ್ಲ ಕಟ್ಟಿ ಮುಗಿದ ಕಿಡ್ನಿಯ ಮಾತು. ಕಟ್ಟೋದು ಹೇಗೆ? 1950ರ ದಶಕದಲ್ಲಿ ಅಮೆರಿಕದ ಕ್ಲಿಫರ್ಡ್ ಗ್ರೋಬ್‌ಸ್ಟೈನ್ ಇಲಿ ಭ್ರೂಣದ ಕಿಡ್ನಿ ಮೊಗ್ಗನ್ನು ಎರಡು ಭಾಗ ಮಾಡಿದರು: ಒಂದು ಕೊಳವೆಯ ಚಿಗುರು, ಇನ್ನೊಂದು ಸುತ್ತಲಿನ ಸಡಿಲ ಕೋಶಗಳು. ಬೇರೆ ಬೇರೆ ಇಟ್ಟರೆ ಎರಡೂ ಸುಮ್ಮನಾದವು. ಒಟ್ಟಿಗೆ ಇಟ್ಟರೆ ಚಿಗುರು ಕವಲೊಡೆಯಿತು, ಸಡಿಲ ಕೋಶಗಳು ನಳಿಕೆಗಳಾದವು. ಇಬ್ಬರೂ ಏನೋ ಮಾತಾಡಿಕೊಳ್ತಾರೆ ಅನ್ನೋದು ಖಚಿತ, ಮಾತು ಯಾವುದು ಅಂತ ನಲವತ್ತು ವರ್ಷ ತಿಳಿಯಲಿಲ್ಲ. 1993ರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಔಷಧಿ ಹುಡುಕುತ್ತಿದ್ದವರಿಗೆ ಮಿದುಳಿನ ಕೋಶ ಉಳಿಸೋ ಜಿಡಿಎನ್ಎಫ್ ಎಂಬ ಪ್ರೋಟೀನ್ ಸಿಕ್ಕಿತ್ತು. 1996ರಲ್ಲಿ ಮೂರು ಗುಂಪುಗಳು ಅದರ ಜೀನ್ ತೆಗೆದ ಇಲಿಗಳನ್ನು ಹುಟ್ಟಿಸಿ ಮಿದುಳು ನೋಡಲು ಹೋದರೆ, ಮರಿಗಳಿಗೆ ಕಿಡ್ನಿಯೇ ಇರಲಿಲ್ಲ! ಸಡಿಲ ಕೋಶಗಳು ಚಿಗುರನ್ನು "ಈ ಕಡೆ ಬಾ, ಕವಲೊಡಿ" ಅಂತ ಕರೆಯೋ ಮಾತು ಅದೇ ಆಗಿತ್ತು.

ಮನುಷ್ಯರಲ್ಲಿ ಈ ಕಟ್ಟೋ ಕೆಲಸ ಗರ್ಭದ 36ನೇ ವಾರದ ಹೊತ್ತಿಗೆ ಮುಗಿದುಹೋಗುತ್ತೆ. ಆಮೇಲೆ ಹೊಸ ನೆಫ್ರಾನ್ ಹುಟ್ಟಲ್ಲ. ಇಜಿಎಫ್ ರಿಪೇರಿ ಮಾಡುತ್ತೆ ಅಷ್ಟೇ, ಹೊಸದು ಕಟ್ಟಲ್ಲ. ಕಂಪೈಲ್ ಟೈಮಿನಲ್ಲಿ ನಿಗದಿಯಾದ ಅರೇ ಸೈಜ್ ಇದ್ದ ಹಾಗೆ, ರನ್ ಟೈಮಿನಲ್ಲಿ ಬೆಳೆಸೋಕಾಗಲ್ಲ. ಸರಾಸರಿ ಒಂದು ಕಿಡ್ನಿಗೆ 10 ಲಕ್ಷ ಅಂತಾರೆ, ಆದರೆ ಎಣಿಸಿದವರಿಗೆ 2 ಲಕ್ಷದಿಂದ 25 ಲಕ್ಷಕ್ಕೂ ಮೇಲೆ ಸಿಕ್ಕಿವೆ. ತೂಕ ಕಡಿಮೆ ಇರೋ ಮಕ್ಕಳಿಗೆ ನೆಫ್ರಾನ್ ಕಡಿಮೆ, ಮುಂದೆ ಬಿಪಿ ಬರೋ ಸಾಧ್ಯತೆ ಹೆಚ್ಚು ಅನ್ನೋ ವಾದವನ್ನು 1988ರಲ್ಲಿ ಬ್ಯಾರಿ ಬ್ರೆನ್ನರ್ ಮುಂದಿಟ್ಟರು. 2003ರಲ್ಲಿ ಜರ್ಮನಿಯಲ್ಲಿ ಅಪಘಾತದಲ್ಲಿ ತೀರಿಕೊಂಡವರ ಕಿಡ್ನಿ ಎಣಿಸಿದಾಗ, ಬಿಪಿ ಇದ್ದ 10 ಜನರಲ್ಲಿ ಸೋಸುವ ಗಂಟುಗಳು ಉಳಿದವರ ಅರ್ಧದಷ್ಟೇ ಇದ್ದವು.

ನಮ್ಮ ರಾಜ್ಯಕ್ಕೂ ಇದರ ನೆಂಟಸ್ತಿಕೆ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ನಮ್ಮೂರಿನವರ ಬಾಯಲ್ಲಿ ಅಲ್ಲ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ರಿಜಿಸ್ಟರ್ ಹಿಡಿದು, ಅಲ್ಲಿ 1934–54ರ ನಡುವೆ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಬಂತು. ಅದು ಹೃದಯದ ಅಧ್ಯಯನ, ಕಿಡ್ನಿಯದ್ದಲ್ಲ. ಆದರೆ ಹೊಟ್ಟೆಯೊಳಗಿನ ತಿಂಗಳುಗಳ ಲೆಕ್ಕ ಐವತ್ತು ವರ್ಷದ ಮೇಲೂ ಉಳಿದಿರುತ್ತೆ ಅನ್ನೋದಕ್ಕೆ ಅಂಥ ಇನ್ನೊಂದು ದಫ್ತರ ಭಾರತದಲ್ಲಿ ಸಿಗೋದು ಕಷ್ಟ. ನಮ್ಮ ಕಾಕಾ ಹುಟ್ಟಿದ್ದು ಮನೆಯಲ್ಲೇ, ತಕ್ಕಡಿ ಯಾರು ಹಿಡಿದಿದ್ದರು?

ಗ್ರೋಬ್‌ಸ್ಟೈನ್ ಕೇಳಿಸಿಕೊಂಡ ಆ ಮಾತುಗಳನ್ನು ನಾವೇ ಆಡಿದರೆ? 2015ರಲ್ಲಿ ಆಸ್ಟ್ರೇಲಿಯಾದ ಮೆಲಿಸ್ಸಾ ಲಿಟಲ್ ಗುಂಪು ಹಾಗೇ ಮಾಡಿತು. ಮನುಷ್ಯರ ಸ್ಟೆಮ್ ಸೆಲ್‌ಗಳಿಗೆ ಸರಿಯಾದ ಹೊತ್ತಿಗೆ ಎಫ್‌ಜಿಎಫ್‌9 ಎಂಬ ಗ್ರೋತ್ ಫ್ಯಾಕ್ಟರ್ ಮತ್ತು ಒಂದು ರಾಸಾಯನಿಕ ಕೊಟ್ಟು, ತಟ್ಟೆಯಲ್ಲಿ ಪುಟ್ಟ ಕಿಡ್ನಿ ಬೆಳೆಸಿತು. ಅದರಲ್ಲಿ ನೆಫ್ರಾನ್‌ಗಳಿದ್ದವು, ಮೊದಲ ಮೂರು ತಿಂಗಳ ಭ್ರೂಣದ ಕಿಡ್ನಿಯ ಹಾಗಿತ್ತು. ಮೂತ್ರ ಹೊರಗೆ ಹೋಗೋಕೆ ದಾರಿ ಮಾತ್ರ ಇರಲಿಲ್ಲ.