ಜ್ವಾಲೆಯ ಹಟ, ಪ್ರಮೀಳೆಯ ಬಿಲ್ಲು

ದೋಣಿಯಲ್ಲಿ ಗಂಗೆ ದಾಟುತ್ತಿರುವ ಹೆಂಗಸೊಬ್ಬಳ ಮೈಗೆ ನೀರು ಸಿಡಿಯುತ್ತದೆ. ಲೋಕವೆಲ್ಲ ತಲೆಗೆ ಚಿಮುಕಿಸಿಕೊಳ್ಳುವ ನೀರು. ಇವಳು ಮಾತ್ರ ಮೈಲಿಗೆ ತಾಗಿದವಳಂತೆ ಹೇಸಿಕೊಳ್ಳುತ್ತಾಳೆ. ಯಾಕಮ್ಮ ಎಂದು ಗಂಗೆಯೇ ಎದ್ದು ಬಂದು ಕೇಳಿದರೆ, ಮಕ್ಕಳಿಲ್ಲದವಳ ನೀರು ತಾಗಿದರೆ ಪಾಪವಲ್ಲವೇ ಎನ್ನುತ್ತಾಳೆ. ಏಳು ಮಕ್ಕಳನ್ನು ನೀನೇ ಮುಳುಗಿಸಿದೆ, ಉಳಿದ ಭೀಷ್ಮನನ್ನು ಅರ್ಜುನ ಶಿಖಂಡಿಯನ್ನು ಮುಂದಿಟ್ಟುಕೊಂಡು ಕೆಡವಿದ, ನೀನು ಸುಮ್ಮನೆ ಹರಿಯುತ್ತಿದ್ದೀಯ. ಗಂಗೆಗೆ ಉರಿ ಹತ್ತುತ್ತದೆ. ಆರು ತಿಂಗಳೊಳಗೆ ಅರ್ಜುನನ ತಲೆ ಉರುಳಲಿ ಎಂದು ಶಾಪ ಕೊಡುತ್ತಾಳೆ. ಕೇಳಬೇಕಾದ್ದನ್ನು ಕೇಳಿಸಿಕೊಂಡ ಹೆಂಗಸು ಬೆಂಕಿಗೆ ಹಾರಿ, ಅರ್ಜುನನ ಮಗ ಬಭ್ರುವಾಹನನ ಬತ್ತಳಿಕೆಯಲ್ಲಿ ಬಾಣವಾಗಿ ಕಾದು ಕೂರುತ್ತಾಳೆ.

ಇವಳು ಮಾಹಿಷ್ಮತಿಯ ರಾಜ ನೀಲಧ್ವಜನ ಹೆಂಡತಿ ಜ್ವಾಲೆ. ಯಾಗದ ಕುದುರೆ ಬಿಟ್ಟುಕೊಟ್ಟು ಅರ್ಜುನನಿಗೆ ಶರಣಾಗಲು ಹೊರಟ ಗಂಡನನ್ನು ಜಂಕಿಸಿದವಳು, ಅವನಿಂದ ಆಗದೆಂದಾಗ ಅಣ್ಣನ ಮನೆಗೆ ಹೋಗಿ ಅವನನ್ನು ಕೆಣಕಿದವಳು, ಅವನೂ ಒಲ್ಲೆನೆಂದಾಗ ನದಿಯನ್ನೇ ಎತ್ತಿಕಟ್ಟಿದವಳು. ವ್ಯಾಸಭಾರತದಲ್ಲಿ ಹುಡುಕಿದರೆ ಇವಳು ಸಿಕ್ಕುವುದಿಲ್ಲ. ಅಲ್ಲಿ ಅರ್ಜುನನನ್ನು ಶಪಿಸುವವರು ವಸುಗಳು, ಅದಕ್ಕೆ ಗಂಗೆಯ ಒಪ್ಪಿಗೆ, ಅಷ್ಟೇ. ಜೈಮಿನಿಯ ಹೆಸರಿನ ಅಶ್ವಮೇಧ ಪರ್ವದಲ್ಲಿ ಆ ಶಾಪದ ಹಿಂದೆ ಹೆಂಗಸೊಬ್ಬಳ ಹಟ ಸೇರಿಕೊಂಡಿತು. ಅದನ್ನು 'ಜೈಮಿನಿ ಭಾರತ'ವಾಗಿ ಕನ್ನಡಕ್ಕೆ ತಂದವನು ದೇವನೂರಿನ ಲಕ್ಷ್ಮೀಶ.

ದೇವನೂರು ನಮ್ಮ ಕಡೂರು ತಾಲೂಕಿನದು. ಕವಿ ನಮ್ಮವನೆಂದು ಸುರಪುರದವರೂ ಹೇಳುತ್ತಾರೆ, ಅವನ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಆ ಜಗಳ ನನಗೆ ಬೇಡ. ಮೂವತ್ತನಾಲ್ಕು ಸಂಧಿಗಳ ಆ ವಾರ್ಧಕ ಷಟ್ಪದಿ ಕಾವ್ಯ ಮನೆಮನೆಯ ಜಗಲಿಯಲ್ಲಿ ಹೇಗೆ ಬಾಳಿತು, ಅದನ್ನು ಕೇಳುತ್ತ ಕೂತ ಹೆಂಗಸರು ಏನನ್ನು ಎತ್ತಿಟ್ಟುಕೊಂಡರು ಎಂಬುದಷ್ಟೇ ನನ್ನ ಕುತೂಹಲ.

ಓದುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಒಬ್ಬರು ರಾಗವಾಗಿ ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ತಾಳದ ಕಟ್ಟಿಲ್ಲ, ರಾಗ ರಸಕ್ಕೆ ತಕ್ಕಂತೆ. ಇದೇ ಗಮಕ. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿ ಅದಕ್ಕೇ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆದರೆ ವೇದಿಕೆ, ಹಾರ, ಮೈಕು ಎಲ್ಲ ಆಮೇಲಿನದು. ನಾನು ಕಂಡ ಜೈಮಿನಿ ಮಧ್ಯಾಹ್ನದ್ದು. ಊಟವಾಗಿ, ಎಂಜಲು ಗೋಮಯ ಮುಗಿದು, ಹೆಂಗಸರು ಹೂಬತ್ತಿ ಹೊಸೆಯುತ್ತಲೋ ಅವರೆಕಾಳು ಬಿಡಿಸುತ್ತಲೋ ನಡುಮನೆಯಲ್ಲಿ ಕೂತಾಗ ವ್ಯಾಸಪೀಠ ಹೊರಗೆ ಬರುತ್ತಿತ್ತು. ಶಾಲೆಗೆ ಹೋಗುವ ಹುಡುಗಿಯೆಂದು ಓದುವ ಕೆಲಸ ನನ್ನದು. ಅರ್ಥ ಹೇಳುವವರು ದೊಡ್ಡತ್ತೆ, ಅಂದರೆ ನಮ್ಮ ತಂದೆಯ ಸೋದರತ್ತೆ. ಎಳೆ ವಯಸ್ಸಿಗೇ ಗಂಡ ಹೋಗಿ, ಕೆಂಪು ಸೀರೆ ಉಟ್ಟು ತವರಿಗೆ ಬಂದ ಮಡಿ ಹೆಂಗಸು. ಹೆಸರು ಬರೆಯಲೂ ಬಾರದು. ಷಟ್ಪದಿಯಲ್ಲಿ ಒಂದು ಶಬ್ದ ಈ ಸಾಲಿನಲ್ಲಿ ಹುಟ್ಟಿ ಮುಂದಿನ ಸಾಲಿಗೆ ಕಾಲು ಚಾಚುತ್ತದಲ್ಲ, ಅಲ್ಲಿ ನಾನು ತಪ್ಪಾಗಿ ಮುರಿದರೆ ಬತ್ತಿ ಹೊಸೆಯುವ ಕೈ ನಿಲ್ಲುತ್ತಿತ್ತು. ತಲೆಯೆತ್ತದೆ ಇಡೀ ಪದ್ಯ ಹೇಳಿ, ಮುಂದೆ ಓದು ಎನ್ನುತ್ತಿದ್ದರು.

ಕಾವ್ಯ ಪಂಡಿತರ ಕೈಗೂ ಬಿತ್ತು, ಪಾದ್ರಿಗಳ ಕೈಗೂ. ಡೇನಿಯಲ್ ಸ್ಯಾಂಡರ್‌ಸನ್ ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ ಅದನ್ನು 1852ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ. ಅವರೆಲ್ಲ ಉಪಮೆ ನೋಡಿದರು, ಭಕ್ತಿ ನೋಡಿದರು. ನಮ್ಮ ನಡುಮನೆ ನೋಡಿದ್ದೇ ಬೇರೆ.

ಉದ್ದಾಲಕನ ಹೆಂಡತಿ ಚಂಡಿಯ ಕಥೆ ಬಂದರೆ ಒಬ್ಬರ ಮುಖ ಒಬ್ಬರು ನೋಡಿ ನಗುವುದೇ ನಗುವುದು. ಗಂಡ ಹೇಳಿದ್ದಕ್ಕೆ ಉಲ್ಟಾ ಮಾಡುವವಳು. ಅವನು ಬೇಡವೆಂದರೆ ಶ್ರಾದ್ಧ ಸಾಂಗವಾಗಿ ನಡೆಯುತ್ತದೆ, ಮೈಮರೆತು ಪಿಂಡವನ್ನು ಗಂಗೆಗೆ ಹಾಕು ಎಂದುಬಿಟ್ಟರೆ ತಿಪ್ಪೆಗೆ ಬೀಳುತ್ತದೆ. ಕೊನೆಗೆ ಶಾಪ, ಕಲ್ಲು. ಇಷ್ಟಕ್ಕೆ ಕಲ್ಲಾಗಿಸುವುದೇ ಎಂಬ ಸಿಟ್ಟು ನನಗೆ ಈಗಲೂ ಇದೆ. ಸೀತೆಯನ್ನು ಕಾಡಿಗೆ ಬಿಡುವ ಭಾಗವನ್ನು ಮನೆಯಲ್ಲಿ ಬಸುರಿಯರಿದ್ದಾಗ ಓದಿಸುತ್ತಿರಲಿಲ್ಲ. ಜ್ವಾಲೆಯ ವಿಷಯದಲ್ಲಿ ಗುಂಪು ಎರಡಾಗುತ್ತಿತ್ತು. ಗಂಡನ ಮನೆ ಹಾಳು ಮಾಡಿದವಳು ಎಂದು ಕೆಲವರು. ದೊಡ್ಡತ್ತೆ ಅವಳ ಕಡೆ. ಅಷ್ಟೆಲ್ಲ ಮಾಡಿ ಏನು ಬಂತು, ಕೃಷ್ಣ ಬಂದು ಅರ್ಜುನನನ್ನು ಬದುಕಿಸಿಬಿಟ್ಟನಲ್ಲ ಎಂದು ಯಾರೋ ಕೊಂಕು ತೆಗೆದಾಗ ಅವರು ಹೇಳಿದ್ದು: "ಬದುಕಿಸ್ಲಿ ಬಿಡೆ. ತಲೆ ಉರುಳಿದ್ದಂತೂ ಉರುಳ್ತಲ್ಲ."

ಪ್ರಮೀಳೆಯ ಸರದಿ ಬಂದ ದಿನ ಅವರೆಕಾಯಿ ಹಾಗೇ ಉಳಿಯುತ್ತಿತ್ತು. ಗಂಡಸರೇ ಇಲ್ಲದ ನಾಡು, ಅಪ್ಪಿತಪ್ಪಿ ಬಂದವನು ತಿಂಗಳೊಪ್ಪತ್ತಿನಲ್ಲಿ ಸಾಯುವ ನಾಡು. ಕುದುರೆಯನ್ನು ಕಟ್ಟಿಹಾಕಿದ ರಾಣಿ ಹೆಣ್ಣುಪಡೆಯೊಡನೆ ಎದುರು ನಿಂತು, ನನ್ನನ್ನು ಮದುವೆಯಾಗು, ಇಲ್ಲವೇ ಯುದ್ಧ ಮಾಡು ಎನ್ನುತ್ತಾಳೆ. ಅರ್ಜುನ ಬಾಣ ಹೂಡುತ್ತಾನೆ, ಗೆಲ್ಲಲಾರ. ಹೆಣ್ಣನ್ನು ಕೊಲ್ಲಬೇಡ, ಒಪ್ಪಿಕೋ ಎಂದು ಆಕಾಶವಾಣಿ ಆಗಬೇಕಾಗುತ್ತದೆ. ಕಲ್ಪನೆಯ ನಾಡು, ಕಾಳಗ, ಪ್ರಣಯ ಮೂರನ್ನೂ ಒಂದೇ ಹದದಲ್ಲಿ ಕಲೆಸುವುದು ಲಕ್ಷ್ಮೀಶನಿಗೆ ಲೀಲಾಜಾಲ. ಆದರೂ ಮದುವೆಗೆ ಒಪ್ಪಿದ ಕ್ಷಣವೇ ರಾಣಿಯನ್ನು ಹಸ್ತಿನಾವತಿಗೆ ಸಾಗಹಾಕಿದ ಎಂಬುದು ನನ್ನ ತಕರಾರು. "ನೆಮ್ಮದಿಯಾಗಿದ್ಲು, ಹೋಗಿ ಹೋಗಿ ಅವನನ್ನ ಕಟ್ಕೊಂಡ್ಲು" ಎಂದು ದೊಡ್ಡತ್ತೆ ಗೊಣಗುತ್ತಿದ್ದರು.

ಯಕ್ಷಗಾನದಲ್ಲಿ ಪ್ರಮೀಳೆಗೆ ಹೆಚ್ಚು ನ್ಯಾಯ ಸಿಕ್ಕಿತು ಎನ್ನಬೇಕು. ಸೀರೆಯನ್ನು ಕಚ್ಚೆ ಬಿಗಿದು ಬಿಲ್ಲು ಹಿಡಿದು ಬರುವ ಇಂಥ ಪಾತ್ರಗಳಿಗೆಂದೇ ಕಸೆ ಸ್ತ್ರೀವೇಷ ಎಂಬ ಬಗೆ ಬೆಳೆಯಿತು. ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿ ಇವರೆಲ್ಲ ಆ ಸಾಲಿನವರು. ಕಟ್ಟುತ್ತಿದ್ದವರು ಗಂಡಸರೇ ಎಂಬುದು ಇನ್ನೊಂದು ತಮಾಷೆ: ಗಂಡಸರಿಲ್ಲದ ರಾಜ್ಯದ ತುಂಬ ಗಂಡಸರು.

ಅಚ್ಚಿನ ಕಾದಂಬರಿ ಈ ಕೂಟವನ್ನು ಮೆಲ್ಲಗೆ ಚದುರಿಸಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು, ಆಮೇಲೆ ತ್ರಿವೇಣಿ ಬಂದರು, 1965ರಲ್ಲಿ 'ಸುಧಾ' ಬಂದು ವಾರವಾರ ಧಾರಾವಾಹಿ. ನಮ್ಮ ಚಿಕ್ಕಮ್ಮಂದಿರು ಜೈಮಿನಿಗೆ ಕೂರುವುದನ್ನು ಬಿಟ್ಟು ಅಟ್ಟದ ಮೆಟ್ಟಿಲ ಮೇಲೆ ಒಬ್ಬೊಬ್ಬರೇ ಕೂತು ಓದತೊಡಗಿದರು. ಅತ್ತರೂ ಒಬ್ಬರೇ, ನಕ್ಕರೂ ಒಬ್ಬರೇ. ಅದರಲ್ಲೊಂದು ಸುಖವಿತ್ತು, ಇಲ್ಲವೆನ್ನಲಾರೆ; ಪಾತ್ರಗಳ ಪರವಾಗಿ ಜಗಳ ಆಡುವುದು ಮಾತ್ರ ನಿಂತುಹೋಯಿತು.

ಬೆಂಗಳೂರಿನಲ್ಲಿರುವ ತಂಗಿಯ ಮೊಮ್ಮಗಳು ಆ ಜಗಳವನ್ನು ಮತ್ತೆ ತಂದಿದ್ದಾಳೆ. ಅವಳು ಓದುವುದು ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' ಥರದ ದಪ್ಪ ಇಂಗ್ಲಿಷ್ ಕಾದಂಬರಿಗಳು. ಡ್ರ್ಯಾಗನ್ ಏರುವ ಹುಡುಗಿ, ಅವಳ ತಾಯಿ ಸೇನಾಪತಿ, ಮನಸ್ಸು ಹೋಗುವುದು ಬಂಡಾಯಗಾರನ ಮಗನ ಮೇಲೆ. ಗೆಳತಿಯರು ಗುಂಪು ಕಟ್ಟಿಕೊಂಡು ಓದುತ್ತಾರೆ, ನಾಯಕಿ ಸೋತಲ್ಲೆಲ್ಲ ಲೇಖಕಿಗೆ ಬೈಯುತ್ತಾರೆ. ಮೊದಲು ಹಗೆ, ಆಮೇಲೆ ಒಲವು, ಇದೇ ನಮಗಿಷ್ಟ ಅಜ್ಜಿ ಎಂದಳು. ಹಾಗಿದ್ದರೆ ಕೇಳು ಎಂದು ಪ್ರಮೀಳೆಯ ಸಂಧಿ ಓದಿದೆ. ಹಸ್ತಿನಾವತಿಗೆ ಕಳಿಸುವ ಕಡೆ ಅವಳ ಗೊಣಗಾಟವೂ ದೊಡ್ಡತ್ತೆಯದೇ.

ಅವಳಿಗೆ ಹಿಡಿಸಿದವಳು ಚಂದ್ರಹಾಸನ ಕಥೆಯ ವಿಷಯೆ. ತೋಟದಲ್ಲಿ ಮಲಗಿದ ಅಪರಿಚಿತ ಚೆಲುವನ ಬಳಿ ತನ್ನಪ್ಪ ಅಣ್ಣನಿಗೆ ಬರೆದ ಪತ್ರ ಕಂಡು ಬಿಚ್ಚುತ್ತಾಳೆ. ಇವನಿಗೆ ವಿಷ ಕೊಡು ಎಂದಿದ್ದುದನ್ನು ಕಣ್ಣಿನ ಕಾಡಿಗೆಯಿಂದ ತಿದ್ದಿ, ವಿಷಯೆಯನ್ನು ಕೊಡು ಎಂದು ಮಾಡಿಟ್ಟು ಹೋಗುತ್ತಾಳೆ. ಅಪ್ಪನ ಸಂಚು ಮಗಳ ಮದುವೆಯಾಗುತ್ತದೆ. "ಸೂಪರ್! ಆದ್ರೆ ಬೇರೆಯವರ ಪತ್ರ ಓದೋದು ತಪ್ಪಲ್ವಾ ಅಜ್ಜಿ?" ನಮ್ಮ ನಡುಮನೆಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿ ಎದ್ದ ಅನುಮಾನವೇ ಬೇರೆ: ಕಾಡಿಗೆಯ ಅಕ್ಷರ ಮಸಿಯ ಅಕ್ಷರಕ್ಕೆ ಹೊಂದುವುದು ಹೇಗೆ, ಆ ಅಣ್ಣನಿಗೆ ಗೊತ್ತಾಗಲಿಲ್ಲವೇ? ಹರಳೆಣ್ಣೆ ದೀಪದ ಕಾಡಿಗೆಯಾದರೆ ಹೊಂದುತ್ತದೆ ಎಂದು ಪಕ್ಕದ ಮನೆಯ ಶಾನುಭೋಗರ ಹೆಂಡತಿ ತೀರ್ಪು ಕೊಟ್ಟಿದ್ದರು. ಗಂಡನ ಲೆಕ್ಕದ ಪುಸ್ತಕಕ್ಕೆ ಬೇಕಾದ ಮಸಿಯನ್ನು ಹಿಂದೆಲ್ಲ ಅವರೇ ದೀಪದ ಕಪ್ಪು ತೆಗೆದು, ಗೋಂದು ಹಾಕಿ ಅರೆದು ಮಾಡಿಕೊಡುತ್ತಿದ್ದರಂತೆ.