ಲೆಕ್ಕ ಒಪ್ಪಿಸುವ ನಾಯಕತ್ವ: ಕ್ಯಾಲಿಫೋರ್ನಿಯದ ನವಜಾತ ಶಿಶು ತಜ್ಞರ ಸಂಘಟನೆಯ ಇತಿಹಾಸ

ಸಂಘ ಕಟ್ಟುವುದರಲ್ಲಿ ನಾವು ಕನ್ನಡಿಗರು ಯಾರಿಗೂ ಹಿಂದೆ ಬಿದ್ದವರಲ್ಲ. ಪರದೇಶದ ಒಂದು ಊರಿನಲ್ಲಿ ನಾಲ್ಕು ಮನೆಯವರು ನೆಲೆಸಿದರೆಂದರೆ ಯುಗಾದಿಯ ವೇಳೆಗೆ ಒಂದು ಕನ್ನಡ ಕೂಟ, ದೀಪಾವಳಿಯ ವೇಳೆಗೆ ಅದಕ್ಕೊಬ್ಬ ಅಧ್ಯಕ್ಷ, ಮರುವರ್ಷ ಒಂದು ಸ್ಮರಣ ಸಂಚಿಕೆ ಹುಟ್ಟಿಕೊಳ್ಳುತ್ತವೆ. ಆದರೆ ಅಧ್ಯಕ್ಷರಾದವರ ನಿಜವಾದ ಹೊಣೆ ಏನು? ಹಾರ, ಶಾಲು, ನೆನಪಿನ ಕಾಣಿಕೆಗಳಾಚೆಗೆ ಒಂದು ಸಂಘದ ನಾಯಕತ್ವವೆಂದರೆ ಯಾವುದು? ಈ ಪ್ರಶ್ನೆಗೆ ನನಗೆ ತೃಪ್ತಿಕರವಾದ ಉತ್ತರ ದೊರೆತದ್ದು ಯಾವುದೇ ಸಾಂಸ್ಕೃತಿಕ ಸಂಘದ ಇತಿಹಾಸದಲ್ಲಲ್ಲ. ಕ್ಯಾಲಿಫೋರ್ನಿಯ ರಾಜ್ಯದ ನವಜಾತ ಶಿಶು ತಜ್ಞರ ಸಂಘದ ಇತಿಹಾಸದಲ್ಲಿ.

ನಾನು ವೈದ್ಯಳಲ್ಲ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮುಗಿಸಿ, ಮದುವೆಯಾಗಿ ಈ ದೇಶಕ್ಕೆ ಬಂದ ಗೃಹಿಣಿ. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ, ಆಸ್ಪತ್ರೆಯೊಂದರಲ್ಲಿ ವಾರಕ್ಕೊಂದು ದಿನ ಎಳೆಗೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಸ್ವಯಂಸೇವೆಗೆ ಸೇರಿದೆ. ಅಲ್ಲಿನ ಯಂತ್ರಗಳ ನಡುವೆ ಕುಳಿತಾಗ, ಇವೆಲ್ಲ ಎಂದು ಬಂದವು, ಯಾರು ತಂದರು, ಯಾವ ಬೆಲೆ ತೆತ್ತು ತಂದರು ಎಂಬ ಕುತೂಹಲ ಇತಿಹಾಸದ ವಿದ್ಯಾರ್ಥಿನಿಗೆ ಸಹಜವಾಗಿಯೇ ಮೂಡಿತು. ಆ ಓದಿನ ಫಲವೇ ಈ ಲೇಖನ.

ಹೊಸ ವಿದ್ಯೆಯ ಉದಯ

'ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕೀತು, ಎಂಟಕ್ಕೆ ಹುಟ್ಟಿದ್ದು ಬದುಕದು' ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದರು. ವಾಸ್ತವವಾಗಿ ತಾಯಿಯ ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಶಕ್ತಿಯನ್ನು ಹೆಚ್ಚಿಸುತ್ತದೆ. ಆ ಮಾತು ತಲೆಮಾರುಗಳವರೆಗೆ ಉಳಿದದ್ದು ಯಾರೂ ಕುಳಿತು ಎಣಿಸಿ ನೋಡಲಿಲ್ಲವೆಂಬ ಕಾರಣಕ್ಕೆ. ಪಶ್ಚಿಮ ದೇಶಗಳ ಸ್ಥಿತಿಯೂ ಬಹುಕಾಲ ಇದಕ್ಕಿಂತ ಉತ್ತಮವಾಗಿರಲಿಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ವಿನೋದ ವಿಹಾರದಲ್ಲಿ 1903ರಿಂದ 1943ರವರೆಗೆ ಮಾರ್ಟಿನ್ ಕೌನಿ ಎಂಬಾತ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಇನ್‌ಕ್ಯುಬೇಟರುಗಳಲ್ಲಿಟ್ಟು ಸಾಕುತ್ತಿದ್ದ. ಜನರು ಟಿಕೆಟ್ ಕೊಂಡು ಬಂದು ನೋಡುತ್ತಿದ್ದರು. ಆ ಹಣದಿಂದಲೇ ಶಿಶುಗಳ ಆರೈಕೆ ನಡೆಯುತ್ತಿತ್ತು. ಆಗಿನ ಹೆಚ್ಚಿನ ಆಸ್ಪತ್ರೆಗಳು ಇಂಥ ಮಕ್ಕಳ ಆಸೆಯನ್ನೇ ಬಿಟ್ಟಿದ್ದವು.

'ನಿಯೊನೇಟಾಲಜಿ' ಎಂಬ ಪದವನ್ನು ಡಾ. ಅಲೆಕ್ಸಾಂಡರ್ ಶಾಫರ್ ತಮ್ಮ ಗ್ರಂಥದಲ್ಲಿ ಮೊದಲು ಬಳಸಿದ್ದು 1960ರಲ್ಲಿ. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಡಾ. ಲೂಯಿಸ್ ಗ್ಲಕ್ ಅಮೆರಿಕದ ಮೊದಲ ನವಜಾತ ಶಿಶು ತೀವ್ರ ನಿಗಾ ಘಟಕವನ್ನು ತೆರೆದರು. 1963ರ ಆಗಸ್ಟ್ 7ರಂದು ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಉಸಿರಾಟದ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಕೊಂಡ. ಎರಡು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತಿದ್ದ ಆ ಮಗುವನ್ನು ಜಗತ್ತಿನ ಅತ್ಯಂತ ಬಲಶಾಲಿ ರಾಷ್ಟ್ರದ ಅಧ್ಯಕ್ಷನ ಸಂಪತ್ತೂ ಅಧಿಕಾರವೂ ಉಳಿಸಿಕೊಳ್ಳಲಾಗಲಿಲ್ಲ. 1975ರಲ್ಲಿ ಈ ಶಾಖೆಗೆ ಪ್ರತ್ಯೇಕ ಅರ್ಹತಾ ಪರೀಕ್ಷೆ ಆರಂಭವಾಗಿ, ಅದು ಸ್ವತಂತ್ರ ವಿದ್ಯೆಯೆನಿಸಿತು.

ಈ ವಿದ್ಯೆಯ ತವರುಗಳಲ್ಲಿ ಕ್ಯಾಲಿಫೋರ್ನಿಯವೂ ಒಂದು. ಗ್ಲಕ್ ಅವರು 1968ರಲ್ಲಿ ಸ್ಯಾನ್ ಡಿಯಾಗೋಗೆ ಬಂದು ನೆಲೆಸಿದರು. ಶ್ವಾಸಕೋಶದ ಪುಟ್ಟ ಗುಳ್ಳೆಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ದ್ರವ್ಯದ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರಾದ ಡಾ. ಜಾನ್ ಕ್ಲೆಮೆಂಟ್ಸ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದರು. ಅದೇ ನಗರದ ಡಾ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು, ಶಿಶುವಿನ ಶ್ವಾಸಮಾರ್ಗದಲ್ಲಿ ಗಾಳಿಯ ಒತ್ತಡವನ್ನು ಸತತವಾಗಿ ಕಾಯ್ದುಕೊಳ್ಳುವ ವಿಧಾನವನ್ನು 1971ರಲ್ಲಿ ಪ್ರಕಟಿಸಿದರು. ಅವರು ಚಿಕಿತ್ಸೆ ನೀಡಿದ 20 ಶಿಶುಗಳಲ್ಲಿ 16 ಬದುಕಿದವು. ಸ್ಟ್ಯಾನ್‌ಫರ್ಡಿನಲ್ಲಿ ಡಾ. ಫಿಲಿಪ್ ಸನ್‌ಶೈನ್ ಹಲವು ತಲೆಮಾರುಗಳ ಶಿಷ್ಯರನ್ನು ತಯಾರು ಮಾಡಿದರು. ಹೀಗೆ ಘಟಾನುಘಟಿಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಘಟಾನುಘಟಿಗಳಿದ್ದ ಮಾತ್ರಕ್ಕೆ ಸಂಘ ಬೆಳೆಯುವುದಿಲ್ಲವೆಂಬುದು ನಮಗೆ ತಿಳಿಯದ ವಿಷಯವೇನಲ್ಲ.

ಪ್ರೀತಿಯಿಂದ ಕುರುಡಾದ ಕಣ್ಣುಗಳು

ಈ ವೈದ್ಯರಿಗೆ ಸಂಘಟನೆ ಏಕೆ ಅನಿವಾರ್ಯವಾಯಿತೆಂದು ತಿಳಿಯಲು ಇನ್ನೂ ಹಿಂದಿನ ಒಂದು ದುರಂತದತ್ತ ಹೊರಳಬೇಕು. 1942ರಲ್ಲಿ ಬಾಸ್ಟನ್ನಿನ ಡಾ. ಥಿಯೊಡೋರ್ ಟೆರಿ ಅವಧಿಪೂರ್ವ ಶಿಶುಗಳಲ್ಲಿ ಹಿಂದೆಂದೂ ಕಾಣದ ಒಂದು ಬಗೆಯ ಕುರುಡುತನವನ್ನು ಗುರುತಿಸಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರೆಂದು ಅಂದಾಜು. 1950ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ವಿಚಿತ್ರವೆಂದರೆ, ಸುಸಜ್ಜಿತ ಆಸ್ಪತ್ರೆಗಳಲ್ಲೇ ಈ ಕಾಯಿಲೆ ಹೆಚ್ಚು.

ಕಾರಣ ಆಮ್ಲಜನಕ. ಮಗು ಬದುಕಲೆಂದು ಧಾರಾಳವಾಗಿ ಕೊಟ್ಟ ಆಮ್ಲಜನಕವೇ ಕಣ್ಣಿನ ಎಳೆಯ ರಕ್ತನಾಳಗಳನ್ನು ಹಾಳುಗೆಡವುತ್ತಿತ್ತು. ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಡಾ. ಆರ್ನಾಲ್ ಪ್ಯಾಟ್ಜ್ ಇದನ್ನು ಪರೀಕ್ಷಿಸಲು ಹೊರಟು, ಕೆಲವು ಶಿಶುಗಳಿಗೆ ಕಡಿಮೆ ಆಮ್ಲಜನಕ ಕೊಡಲು ಏರ್ಪಾಡು ಮಾಡಿದಾಗ, ದಾದಿಯರಲ್ಲಿ ಕೆಲವರು ಕರುಳು ಚುರುಕ್ಕೆಂದು ರಾತ್ರಿಯ ಹೊತ್ತು ಗುಟ್ಟಾಗಿ ಆಮ್ಲಜನಕವನ್ನು ಏರಿಸುತ್ತಿದ್ದರಂತೆ. ಮಕ್ಕಳನ್ನು ಹೆತ್ತ ನಾನು ಅವರನ್ನು ದೂರಲಾರೆ. ಅವರದು ಅಪ್ಪಟ ವಾತ್ಸಲ್ಯವೇ. ಆದರೆ ಆ ವಾತ್ಸಲ್ಯಕ್ಕೆ ತಾನು ಮಾಡುತ್ತಿದ್ದುದರ ಪರಿಣಾಮ ಕಾಣುತ್ತಿರಲಿಲ್ಲ.

ಕಡೆಗೆ 1953ರಲ್ಲಿ 18 ಆಸ್ಪತ್ರೆಗಳು ತಮ್ಮ ತಮ್ಮ ಅಭಿಪ್ರಾಯಗಳನ್ನು ಬದಿಗಿಟ್ಟು ಒಂದೇ ನಿಯಮದಂತೆ ನಡೆದು, ಒಂದೇ ರೀತಿಯಲ್ಲಿ ಎಣಿಸಿದವು. ಮರುವರ್ಷವೇ ಸತ್ಯ ಬಯಲಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಭಯಗೊಂಡ ವೈದ್ಯರು ಆಮ್ಲಜನಕವನ್ನು ಅತಿಯಾಗಿ ಬಿಗಿಹಿಡಿದದ್ದರಿಂದ ಬೇರೆ ಶಿಶುಗಳು ಸತ್ತವು. ಎಷ್ಟು ಕೊಟ್ಟರೆ ಸರಿ ಎಂಬುದನ್ನು ಯಾರೂ ಒಟ್ಟಾಗಿ ಅಳೆದಿರಲಿಲ್ಲ. ಒಬ್ಬೊಬ್ಬ ವೈದ್ಯನ ಅನುಭವ ಎಷ್ಟೇ ದೊಡ್ಡದಾಗಿರಲಿ, ಎಲ್ಲರೂ ಕೂಡಿ ಎಣಿಸದೆ ಸತ್ಯ ಸಿಗದೆಂಬುದು ಈ ವಿದ್ಯೆ ಕಣ್ಣು ತೆತ್ತು ಕಲಿತ ಪಾಠ.

ಪಾಠ ಕಲಿತರೂ ಆಚರಣೆ ಸುಲಭವಲ್ಲ. 1972ರಲ್ಲಿ ನ್ಯೂಜಿಲೆಂಡಿನ ಡಾ. ಲಿಗಿನ್ಸ್ ಮತ್ತು ಡಾ. ಹೋವಿ, ಅವಧಿಗೆ ಮುನ್ನ ಹೆರಿಗೆಯಾಗಲಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ತೋರಿಸಿದರು. ಅಗ್ಗದ ಮದ್ದು, ಸುಲಭದ ಚಿಕಿತ್ಸೆ. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎಲ್ಲರೂ ಇದನ್ನು ಬಳಸಬೇಕೆಂದು ಘೋಷಿಸಿದ್ದು 1994ರಲ್ಲಿ. ಆ ವೇಳೆಗೂ ಈ ದೇಶದಲ್ಲಿ ಅದು ಅಗತ್ಯವಿದ್ದ ತಾಯಂದಿರ ಪೈಕಿ ಐವರಲ್ಲಿ ಒಬ್ಬರಿಗೂ ದೊರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳು! ವಿಜ್ಞಾನಿ ಕಂಡುಹಿಡಿದದ್ದನ್ನು ಊರೂರಿನ ಹೆರಿಗೆ ಕೋಣೆಗೆ ತಲುಪಿಸುವ ಕೆಲಸ ಯಾರದು? ಪ್ರಾದೇಶಿಕ ಸಂಘದ ನಾಯಕತ್ವಕ್ಕೆ ಅರ್ಥ ಬರುವುದು ಇಲ್ಲಿಯೇ.

ಪ್ರತಿಸ್ಪರ್ಧಿಗಳು ಒಂದೇ ಜಗಲಿಯಲ್ಲಿ

ಕ್ಯಾಲಿಫೋರ್ನಿಯದ ನವಜಾತ ಶಿಶು ತಜ್ಞರ ಸಂಘವು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಂಸ್ಥೆಯ ಒಂಬತ್ತನೆಯ ವಿಭಾಗಕ್ಕೆ, ಅಂದರೆ ಕ್ಯಾಲಿಫೋರ್ನಿಯ ರಾಜ್ಯಕ್ಕೆ ಸೇರಿದುದು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ದೊಡ್ಡ ಆಸ್ಪತ್ರೆ ಸಮೂಹಗಳ ನೌಕರರು, ಖಾಸಗಿ ವೈದ್ಯರು ಎಲ್ಲರಿಗೂ ಅಲ್ಲಿ ಜಾಗವಿದೆ. 1990ರ ದಶಕದಲ್ಲಿ ವಿಮಾ ಕಂಪನಿಗಳು ದರದ ನೆಪದಲ್ಲಿ ಆಸ್ಪತ್ರೆಗಳನ್ನು ಪೈಪೋಟಿಗೆ ಹಚ್ಚಿದ್ದವು. ನೆರೆಯ ಆಸ್ಪತ್ರೆಯೆಂದರೆ ಪ್ರತಿಸ್ಪರ್ಧಿ. ಇಂಥ ಕಾಲದಲ್ಲಿ ಸಂಘವು ಒಂದು ದಿಟ್ಟ ಪ್ರಸ್ತಾಪವನ್ನು ಮುಂದಿಟ್ಟಿತು: ಪ್ರತಿಯೊಂದು ಘಟಕವೂ ತನ್ನಲ್ಲಿ ಎಷ್ಟು ಶಿಶುಗಳು ಬದುಕಿದವು, ಎಷ್ಟು ಸತ್ತವು, ಎಷ್ಟಕ್ಕೆ ಸೋಂಕು ತಗುಲಿತು, ಎಷ್ಟರ ಕಣ್ಣಿಗೆ, ಮೆದುಳಿಗೆ ತೊಂದರೆಯಾಯಿತು ಎಂಬುದನ್ನು ಒಂದೆಡೆ ಒಪ್ಪಿಸಬೇಕು.

ಇದರಿಂದ ಮೂಡಿದ್ದು 1997ರಲ್ಲಿ ಸ್ಥಾಪನೆಯಾದ ಕ್ಯಾಲಿಫೋರ್ನಿಯ ಪೆರಿನೇಟಲ್ ಕ್ವಾಲಿಟಿ ಕೇರ್ ಕೊಲಾಬರೇಟಿವ್ ಎಂಬ ಸಹಯೋಗ. ಡೇವಿಡ್ ಮತ್ತು ಲುಸಿಲ್ ಪ್ಯಾಕರ್ಡ್ ಪ್ರತಿಷ್ಠಾನ ಆರಂಭದ ಧನಸಹಾಯ ನೀಡಿತು. ಡಾ. ಜೆಫ್ರಿ ಗೂಲ್ಡ್ ಅದರ ಸ್ಥಾಪಕರಲ್ಲೊಬ್ಬರು. 1988ರಲ್ಲಿ ಡಾ. ಜೆರಾಲ್ಡ್ ಲೂಸಿಯವರ ಮುಂದಾಳತ್ವದಲ್ಲಿ ಆರಂಭವಾಗಿದ್ದ ವರ್ಮಾಂಟ್ ಆಕ್ಸ್‌ಫರ್ಡ್ ಜಾಲವು ರೂಪಿಸಿದ್ದ ವ್ಯಾಖ್ಯೆಗಳನ್ನೇ ಇವರು ಬಳಸಿಕೊಂಡರು.

ಲೆಕ್ಕ ಒಪ್ಪಿಸಲು ಯಾರು ತಾನೆ ಸುಲಭವಾಗಿ ಒಪ್ಪುತ್ತಾರೆ? 'ನಮಗೆ ಬರುವ ಮಕ್ಕಳೇ ಹೆಚ್ಚು ಅಸ್ವಸ್ಥರು; ಹೋಲಿಸಿದರೆ ನಮಗೆ ಅನ್ಯಾಯವಾಗುತ್ತದೆ' ಎಂಬುದು ಯಾರಿಗೂ ತೋಚುವ ಮೊದಲ ಆಕ್ಷೇಪಣೆ. ಅದರಲ್ಲಿ ಹುರುಳೂ ಇದೆ. 600 ಗ್ರಾಮಿನ ಕೂಸುಗಳನ್ನು ಸ್ವೀಕರಿಸುವ ಆಸ್ಪತ್ರೆಯನ್ನು 1,400 ಗ್ರಾಮಿನವನ್ನಷ್ಟೇ ನೋಡಿಕೊಳ್ಳುವ ಆಸ್ಪತ್ರೆಯೊಡನೆ ನೇರವಾಗಿ ಹೋಲಿಸುವುದು ನ್ಯಾಯವಲ್ಲ. ಆದ್ದರಿಂದ ಶಿಶುವಿನ ತೂಕ, ಗರ್ಭದ ಅವಧಿ ಮುಂತಾದವನ್ನು ಗಣನೆಗೆ ತೆಗೆದುಕೊಂಡು, ಸರಿಸಮಾನವಾಗಿಸಿ ಹೋಲಿಸುವ ಕ್ರಮವನ್ನು ಅಳವಡಿಸಲಾಯಿತು. ಪ್ರತಿ ಘಟಕಕ್ಕೂ ತನ್ನ ಸ್ಥಾನ ತಿಳಿಯುತ್ತದೆ. ಇತರರನ್ನು ಬೊಟ್ಟು ಮಾಡಿ ತೋರಿಸುವಂತಿಲ್ಲ. ನಾಚಿಕೆಪಡಿಸುವುದು ಉದ್ದೇಶವಲ್ಲ, ತಿದ್ದಿಕೊಳ್ಳುವುದು ಉದ್ದೇಶ. ನಾಯಕರ ಮನವೊಲಿಸುವ ಕೆಲಸವೆಲ್ಲ ನಡೆಯಬೇಕಾದದ್ದು ಈ ಒಂದು ಮಾತಿನ ಸುತ್ತ.

ಸಹಯೋಗವು ಮೊದಲಿಗೆ ಕೈಹಚ್ಚಿದ ಕಾರ್ಯಗಳಲ್ಲಿ ಆ ಹಳೆಯ ಸ್ಟೀರಾಯ್ಡ್ ಚುಚ್ಚುಮದ್ದಿನದೂ ಒಂದು. ಪಾಲ್ಗೊಂಡ 25 ಆಸ್ಪತ್ರೆಗಳಲ್ಲಿ 1998ರಲ್ಲಿ ಶೇಕಡಾ 76ರಷ್ಟು ಶಿಶುಗಳಿಗೆ ಗರ್ಭದಲ್ಲಿದ್ದಾಗಲೇ ಅದರ ಲಾಭ ದೊರೆತಿತ್ತು. 2001ರಲ್ಲಿ ಅದು ಶೇಕಡಾ 86ಕ್ಕೆ ಏರಿತು. ಹೊಸ ಮದ್ದಿಲ್ಲ, ಹೊಸ ಯಂತ್ರವಿಲ್ಲ. ತಮ್ಮ ತಮ್ಮ ಅಂಕಿಗಳನ್ನು ಕಂಡವರು ಪ್ರಸೂತಿ ವೈದ್ಯರೊಡನೆ ಕುಳಿತು ಮಾತನಾಡಿದರು, ಅಷ್ಟೆ. ಆ ಹತ್ತರ ವ್ಯತ್ಯಾಸದಲ್ಲಿ ಎಷ್ಟು ಮನೆಗಳ ತೊಟ್ಟಿಲು ತೂಗಿರಬಹುದೆಂದು ಯೋಚಿಸಿದರೆ ಮನಸ್ಸು ತುಂಬಿ ಬರುತ್ತದೆ.

ಮುಂದೆ ರಾಜ್ಯದ ಶೇಕಡಾ 90ಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳು ಈ ಸಹಯೋಗಕ್ಕೆ ಸೇರಿದವು. 2006ರಲ್ಲಿ ಇದೇ ಮಾದರಿಯಲ್ಲಿ ತಾಯಂದಿರಿಗಾಗಿ ಇನ್ನೊಂದು ಸಹಯೋಗ ಆರಂಭವಾಯಿತು. ಹೆರಿಗೆಯಲ್ಲಾಗುವ ರಕ್ತಸ್ರಾವವನ್ನು ಕಣ್ಣಂದಾಜಿನಲ್ಲಿ ಹೇಳದೆ, ನೆನೆದ ಬಟ್ಟೆಗಳನ್ನು ತೂಗಿ ಅಳೆಯುವುದು ಅದು ಬೋಧಿಸಿದ ಸರಳ ಪಾಠಗಳಲ್ಲೊಂದು. 2006ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ಲಕ್ಷ ಜನನಗಳಿಗೆ 16.9ರಷ್ಟಿದ್ದ ತಾಯಂದಿರ ಮರಣ 2013ರಲ್ಲಿ 7.3ಕ್ಕೆ ಇಳಿಯಿತು.

ಅಹಿತವಾದ ಲೆಕ್ಕವನ್ನೂ ಇವರು ಮರೆಮಾಡಲಿಲ್ಲ. 2010ರಿಂದ 2014ರವರೆಗಿನ, 134 ಘಟಕಗಳ 18,616 ಶಿಶುಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವು, ಆರೈಕೆಯ ಗುಣಮಟ್ಟ ಮಗುವಿನ ಜನಾಂಗಕ್ಕನುಗುಣವಾಗಿ ಬದಲಾಗುತ್ತದೆಂದು, ಅದೂ ಒಂದೇ ಘಟಕದೊಳಗೇ ಬದಲಾಗುವುದುಂಟೆಂದು ತೋರಿಸಿತು. ತಮ್ಮದೇ ಪುಸ್ತಕದಿಂದ ತಮ್ಮ ವಿರುದ್ಧವೇ ಸಾಕ್ಷಿ ಹೊರಬರಲು ಅವಕಾಶವಿತ್ತ ಸಂಘಟನೆಗಳು ಎಷ್ಟಿವೆ?

ನಮ್ಮ ನೆಲದಲ್ಲಿ

1965ರ ವಲಸೆ ಕಾನೂನಿನ ನಂತರ ಈ ದೇಶಕ್ಕೆ ಬಂದ ಭಾರತೀಯ ವೈದ್ಯರಲ್ಲಿ ಅನೇಕರು ಈ ಶಾಖೆಯನ್ನು ಆರಿಸಿಕೊಂಡರು. ಅವರಲ್ಲಿ ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿದ ನಮ್ಮವರೂ ಇದ್ದಾರೆ. ಅತ್ತ ಭಾರತದಲ್ಲಿ 1980ರಲ್ಲಿ ನ್ಯಾಷನಲ್ ನಿಯೊನೇಟಾಲಜಿ ಫೋರಂ ಸ್ಥಾಪನೆಯಾಯಿತು. ಕರ್ನಾಟಕದಲ್ಲಿಯೂ ಅದರ ಶಾಖೆಯಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕಗಳು ತಲೆಯೆತ್ತಿದವು. 2005ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 37 ಮೊದಲ ತಿಂಗಳಲ್ಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 20ಕ್ಕೆ ಇಳಿದಿತ್ತು.

ಇನ್‌ಕ್ಯುಬೇಟರುಗಳ ಕೊರತೆಯಿಂದಾಗಿ 1978ರಲ್ಲಿ ಕೊಲಂಬಿಯದ ಬೊಗೋಟಾ ನಗರದಲ್ಲಿ ಹುಟ್ಟಿದ ವಿಧಾನವೊಂದು ಕನ್ನಡ ನಾಡಿಗೂ ಬಂತು. ಅದೇ ಕೂಸನ್ನು ತಾಯಿ ಬರಿಮೈಗೆ ಅವಚಿಕೊಂಡು ಕಾಪಾಡುವ ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಬಾಣಂತಿಯ ಮನೆಯವರೆಗೆ ಒಯ್ದರು. ಎಷ್ಟು ತಾಯಂದಿರು, ದಿನಕ್ಕೆ ಎಷ್ಟು ಗಂಟೆ ಎಂಬ ಲೆಕ್ಕವನ್ನು ಅಲ್ಲಿಯೂ ಇಟ್ಟರು. ಸ್ಯಾನ್‌ಫ್ರಾನ್ಸಿಸ್ಕೋದ ಯಂತ್ರಕ್ಕೂ ಕೊಪ್ಪಳದ ತಾಯಿಯ ಎದೆಗೂ ಅನ್ವಯಿಸುವ ನಿಯಮ ಒಂದೇ: ಮಾಡಿದ್ದನ್ನು ಎಣಿಸು, ಎಣಿಸಿದ್ದನ್ನು ಹಂಚಿಕೋ.

ಆತ್ಮೀಯ ಪ್ರತಿನಿಧಿಗಳೇ, ವೈದ್ಯರ ಸಂಘದ ಈ ಇತಿಹಾಸವನ್ನು ಕನ್ನಡ ಸಮ್ಮೇಳನದ ಸಂಚಿಕೆಯಲ್ಲಿ ಹೇಳಿದ್ದೇಕೆಂದರೆ, ಎಳೆಯದನ್ನು ಉಳಿಸಿಕೊಳ್ಳುವ ಹೊಣೆ ನಮಗೂ ಇದೆ. ಪರದೇಶದಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಹುಟ್ಟುವ ಕನ್ನಡವೂ ಅವಧಿಗೆ ಮುನ್ನ ಹುಟ್ಟಿದ ಕೂಸಿನಂತೆಯೇ. ಪ್ರೀತಿಯೊಂದೇ ಅದನ್ನು ಉಳಿಸದು. ನಮ್ಮ ಕನ್ನಡ ತರಗತಿಗಳಿಗೆ ಎಷ್ಟು ಮಕ್ಕಳು ಸೇರಿದರು, ಎರಡನೆಯ ವರ್ಷಕ್ಕೆ ಎಷ್ಟು ಉಳಿದರು, ಎಷ್ಟು ಮಕ್ಕಳು ಅಜ್ಜಿಗೆ ನಾಲ್ಕು ಸಾಲಿನ ಕಾಗದ ಬರೆಯಬಲ್ಲರು ಎಂದು ಪ್ರತಿ ಕೂಟವೂ ಎರಡು ವರ್ಷಕ್ಕೊಮ್ಮೆ ಈ ವೇದಿಕೆಯಲ್ಲಿ ಸಂಕೋಚವಿಲ್ಲದೆ ಒಪ್ಪಿಸಲಿ. ಹೆಚ್ಚು ಉಳಿಸಿಕೊಂಡವರಿಂದ ಉಳಿದವರು ಕಲಿಯಲಿ. ಅಂಥ ಲೆಕ್ಕವನ್ನು ಮೊದಲು ತನ್ನ ಕೂಟದಿಂದಲೇ ತಂದಿಡುವ ಅಧ್ಯಕ್ಷರಿಗೆ ಹಾಕುವ ಹಾರ ನಿಜಕ್ಕೂ ಸಾರ್ಥಕ.